ಹಾಸಿಗೆ ಹಿಡಿದವರನ್ನು ಎತ್ತಿಕೊಂಡವರು

ಜುಲೈ 14ರಂದು ಧರ್ಮಸಭೆಯು ಸಂತ ಕಮಿಲಸ್ ದೆ ಲೆಲ್ಲಿಸ್ ಅವರ ಹಬ್ಬವನ್ನು ಆಚರಿಸುತ್ತದೆ. ರೋಗಿಗಳ, ಆಸ್ಪತ್ರೆಗಳ ಹಾಗೂ ದಾದಿಯರ ಪಾಲಕ ಸಂತರೆಂದು ಇವರನ್ನು ನಾವು ಬಲ್ಲೆವು. ಆದರೆ ಇವರ ಬದುಕಿನ ಬಹುಪಾಲು ಕಳೆದದ್ದು ಎಂಥ ರೋಗಿಗಳ ಬಳಿ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ತಾವಾಗಿ ಏಳಲಾರದ, ಮಗ್ಗುಲು ಬದಲಾಯಿಸಲಾರದ, ಬಾಯಿಗೆ ತುತ್ತನ್ನು ತಾವೇ ಇಟ್ಟುಕೊಳ್ಳಲಾರದ ಜನರ ಬಳಿ ಅವರು ಹಗಲಿರುಳು ಇದ್ದರು. ಇಂಥವರ ಆರೈಕೆಗೆ ಧರ್ಮಸಭೆಯಲ್ಲಿ ಒಂದು ದೀರ್ಘ ಇತಿಹಾಸವಿದೆ. ಈ ಹಬ್ಬದ ಸಂದರ್ಭದಲ್ಲಿ ಆ ಇತಿಹಾಸದ ಕೆಲವು ಪುಟಗಳನ್ನು ತಿರುವಿ ನೋಡುವುದು ನಮ್ಮ ಕುಟುಂಬಗಳಿಗೆ ಉಪಯುಕ್ತವಾದೀತು. ಏಕೆಂದರೆ ಇಂದು ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿ, ಒಳಗಿನ ಕೋಣೆಯಲ್ಲಿ, ಹಾಸಿಗೆ ಹಿಡಿದ ತಂದೆಯೋ ತಾಯಿಯೋ ಅಜ್ಜಿಯೋ ಇದ್ದಾರೆ.

ಶುಭಸಂದೇಶದ ಇಬ್ಬರು

ಶುಭಸಂದೇಶದಲ್ಲಿ ನಡೆಯಲಾಗದ ಇಬ್ಬರು ನಮಗೆ ಎದುರಾಗುತ್ತಾರೆ. ಒಬ್ಬನು ಕಫೆರ್ನವುಮಿನ ಪಾರ್ಶ್ವವಾಯು ರೋಗಿ. ಅವನನ್ನು ನಾಲ್ವರು ಹೊತ್ತು ತಂದರು. ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರಿಂದ ಮಾಳಿಗೆಯನ್ನು ತೆರೆದು, ಹಾಸಿಗೆ ಸಮೇತ ಅವನನ್ನು ಕೆಳಗಿಳಿಸಿದರು. ಯೇಸುಸ್ವಾಮಿ ನೋಡಿದ್ದು ರೋಗಿಯೊಬ್ಬನ ವಿಶ್ವಾಸವನ್ನಲ್ಲ, ಅವರ ವಿಶ್ವಾಸವನ್ನು ಎಂದು ಸಂತ ಮಾರ್ಕ ಬರೆಯುತ್ತಾರೆ. ಆ ನಾಲ್ವರ ಹೆಸರು ನಮಗೆ ತಿಳಿಯದು.

ಇನ್ನೊಬ್ಬನು ಜೆರುಸಲೇಮಿನ ಕೊಳದ ಬಳಿ ಬಿದ್ದುಕೊಂಡಿದ್ದವನು. ಅವನ ಕಾಯಿಲೆಗೆ 38 ವರ್ಷ. ಗುಣಹೊಂದುವ ಬಯಕೆ ನಿನಗಿದೆಯೇ ಎಂದು ಪ್ರಭು ಕೇಳಿದಾಗ ಅವನು ತನ್ನ ರೋಗದ ಮಾತೆತ್ತಲಿಲ್ಲ. ನೀರು ಕಲಕಿದಾಗ ತನ್ನನ್ನು ಕೊಳಕ್ಕಿಳಿಸಲು ಯಾರೂ ಇಲ್ಲವೆಂದ. ಇಬ್ಬರೂ ಏಳಲಾರದವರೇ. ಆದರೆ ಒಬ್ಬನಿಗೆ ನಾಲ್ವರಿದ್ದರು, ಮತ್ತೊಬ್ಬನಿಗೆ ಒಬ್ಬರೂ ಇರಲಿಲ್ಲ. ಮುಂದೆ ಧರ್ಮಸಭೆ ರೋಗಿಗಳಿಗಾಗಿ ಮಾಡಿದ ಕೆಲಸವನ್ನೆಲ್ಲ ಈ ಎರಡು ಘಟನೆಗಳ ಬೆಳಕಿನಲ್ಲಿ ಕಾಣಬಹುದು. ಯಾರೂ ಇಲ್ಲದವರಿಗೆ ಆ ನಾಲ್ವರಾಗುವುದೇ ಆ ಕೆಲಸ.

ಮೊದಲ ಶತಮಾನಗಳು

ನಾಲ್ಕನೆಯ ಶತಮಾನದಲ್ಲಿ ಮಹಾ ಸಂತ ಬೆಸಿಲರು ಕಪ್ಪದೋಕ್ಯದ ಸೆಸರಿಯ ಪಟ್ಟಣದ ಹೊರಗೆ ಬಡವರಿಗೆ, ರೋಗಿಗಳಿಗೆ, ಪರದೇಶಿಗಳಿಗೆ ಆಶ್ರಯತಾಣವೊಂದನ್ನು ಕಟ್ಟಿಸಿದರು. ಅದೇ ಶತಮಾನದ ಕೊನೆಯಲ್ಲಿ ರೋಮ್ ನಗರದ ಶ್ರೀಮಂತ ಮನೆತನದ ಫಬಿಯೊಲ ಎಂಬ ವಿಧವೆ ತನ್ನ ಆಸ್ತಿಯನ್ನು ಮಾರಿ ರೋಗಿಗಳಿಗಾಗಿ ಆಸ್ಪತ್ರೆಯನ್ನು ತೆರೆದಳು. ಸಂತ ಜೆರೋಮರು ಆಕೆಯ ಮರಣಾನಂತರ ಬರೆದ ಪತ್ರದಲ್ಲಿ, ಆಕೆ ರೋಗಿಗಳನ್ನು ತನ್ನ ಹೆಗಲ ಮೇಲೆ ಹೊತ್ತು ತರುತ್ತಿದ್ದುದನ್ನೂ, ಇತರರು ನೋಡಲೂ ಅಂಜುತ್ತಿದ್ದ ಗಾಯಗಳನ್ನು ತೊಳೆಯುತ್ತಿದ್ದುದನ್ನೂ, ತನ್ನ ಕೈಯಾರೆ ಉಣಿಸುತ್ತಿದ್ದುದನ್ನೂ ಸ್ಮರಿಸಿದ್ದಾರೆ. ಹಣ ಕೊಟ್ಟು ಆಳುಗಳಿಂದ ಮಾಡಿಸುವ ಶಕ್ತಿ ಆಕೆಗಿತ್ತು. ಆದರೂ ಹೆಗಲು ಕೊಟ್ಟವಳು ತಾನೇ.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ಬರೆದ ನಿಯಮಾವಳಿಯಲ್ಲಿ, ರೋಗಿಗಳ ಆರೈಕೆಯನ್ನು ಎಲ್ಲಕ್ಕಿಂತ ಮಿಗಿಲಾಗಿ ಕಾಣಬೇಕೆಂದೂ ಅವರಲ್ಲಿ ಕ್ರಿಸ್ತರನ್ನೇ ಸೇವಿಸಬೇಕೆಂದೂ ವಿಧಿಸಿದರು. ಹೀಗೆ ಮಠದಿಂದ ಮಠಕ್ಕೆ ರೋಗಿಗಳ ಕೋಣೆಯೊಂದು ಏರ್ಪಟ್ಟಿತು. ಮುಂದೆ ಯುರೋಪಿನ ಪಟ್ಟಣಗಳಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳು ಎದ್ದವು. ಆದರೆ ಕಟ್ಟಡ ಬೆಳೆದಂತೆ ಪ್ರೀತಿಯೂ ಬೆಳೆಯಿತೆಂದು ಹೇಳಲಾಗದು.

ಜೂಜುಕೋರ ಸೈನಿಕ

ಕಮಿಲಸರು ಹುಟ್ಟಿದ್ದು 1550ರ ಮೇ 25ರಂದು, ಇಟಲಿಯ ಬುಕ್ಯಾನಿಕೊ ಎಂಬ ಊರಿನಲ್ಲಿ. ತಂದೆ ಸೈನಿಕ. ವಯಸ್ಸು ಮೀರಿದ ಮೇಲೆ ಮಗುವನ್ನು ಹೆತ್ತ ತಾಯಿ, ಮಗ ಇನ್ನೂ ಬಾಲಕನಾಗಿದ್ದಾಗಲೇ ತೀರಿಕೊಂಡರು. ಆಜಾನುಬಾಹುವಾಗಿ ಬೆಳೆದ ಮಗನೂ ಸೈನ್ಯ ಸೇರಿದ. ಶಿಬಿರದಲ್ಲಿ ಎರಡು ಬೇನೆಗಳು ಅವನಿಗೆ ಅಂಟಿಕೊಂಡವು. ಒಂದು ಜೂಜು, ಇನ್ನೊಂದು ಕಾಲಿನ ಹುಣ್ಣು. ಮೊದಲನೆಯದು ದೇವರ ಕೃಪೆಯಿಂದ ಬಿಟ್ಟುಹೋಯಿತು. ಎರಡನೆಯದು ಸಾಯುವವರೆಗೂ ಮಾಯಲಿಲ್ಲ.

ಈ ಹುಣ್ಣಿನ ಚಿಕಿತ್ಸೆಗಾಗಿಯೇ 1571ರಲ್ಲಿ ಆತ ರೋಮಿನ ಸಂತ ಯಕೋಬರ ಆಸ್ಪತ್ರೆಗೆ ಬಂದ. ಗುಣವಾಗದ ರೋಗಿಗಳನ್ನು ಸೇರಿಸಿಕೊಳ್ಳುತ್ತಿದ್ದ ಆಸ್ಪತ್ರೆ ಅದು. ಅಲ್ಲೇ ಆಳಾಗಿ ದುಡಿದ. ಆದರೆ ಜಗಳ, ಇಸ್ಪೀಟಿನ ಹುಚ್ಚಿನಿಂದಾಗಿ ಹೊರಹಾಕಿಸಿಕೊಂಡ. 1574ರಲ್ಲಿ ನೇಪಲ್ಸ್ ನಗರದಲ್ಲಿ ಜೂಜಾಡಿ ಇದ್ದದ್ದನ್ನೆಲ್ಲ ಕಳೆದುಕೊಂಡು ಭಿಕ್ಷೆಗೆ ಇಳಿದ. ಮನ್‌ಫ್ರೆದೊನಿಯದಲ್ಲಿ ಕಪುಚಿನ್ ಸಭೆಯ ಮಠ ಕಟ್ಟುವ ಕಡೆ ಕೂಲಿ ಸಿಕ್ಕಿತು. 1575ರ ಫೆಬ್ರವರಿ 2ರಂದು, ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬದ ದಿನ, ದಾರಿಯಲ್ಲಿ ಹೋಗುತ್ತಿದ್ದಾಗ ತನ್ನ ಬಾಳಿನ ವ್ಯರ್ಥತೆ ಅವನ ಕಣ್ಣಿಗೆ ಕಟ್ಟಿತು. ನೆಲಕ್ಕೆ ಕುಸಿದು ಅತ್ತ.

ಕಪುಚಿನ್ ಸನ್ಯಾಸಿಯಾಗುವ ಆಸೆಗೆ ಕಾಲಿನ ಹುಣ್ಣು ಅಡ್ಡಬಂದಿತು. ಮತ್ತೆ ಅದೇ ಸಂತ ಯಕೋಬರ ಆಸ್ಪತ್ರೆಗೆ ಮರಳಬೇಕಾಯಿತು. ಹಿಂದೆ ಯಾವ ಮನೆಯಿಂದ ಹೊರಹಾಕಿಸಿಕೊಂಡಿದ್ದರೋ ಅದೇ ಮನೆಯ ಮೇಲ್ವಿಚಾರಕರಾಗಿ ಕಮಿಲಸರು ಬೆಳೆದರು. ಸಂತ ಫಿಲಿಪ್ ನೇರಿ ಅವರಿಗೆ ಪಾಪನಿವೇದನೆಯ ಗುರುಗಳಾಗಿದ್ದರು.

ಕೂಲಿಯ ಕೈ, ತಾಯಿಯ ಕೈ

ಅಂದಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರು ಬಹುಮಟ್ಟಿಗೆ ಕೂಲಿಯಾಳುಗಳು. ಬೇರೆಲ್ಲೂ ಕೆಲಸ ಸಿಗದವರು, ಕೆಲವೆಡೆ ಶಿಕ್ಷೆಯಾಗಿ ಈ ಕೆಲಸಕ್ಕೆ ಹಚ್ಚಲ್ಪಟ್ಟವರು. ನಡೆದಾಡಬಲ್ಲ ರೋಗಿ ಹೇಗೋ ತನ್ನ ಪಾಡು ನೋಡಿಕೊಳ್ಳುತ್ತಿದ್ದ. ಏಳಲಾರದವನು ಕೊಳಕಿನಲ್ಲಿಯೇ ಬಿದ್ದಿರುತ್ತಿದ್ದ. ಮುಂದೆ ಇಟ್ಟ ಊಟ ಕೈಗೆ ಎಟುಕದಿದ್ದರೆ ಹಸಿವೇ ಗತಿ.

ಇದನ್ನು ಕಣ್ಣಾರೆ ಕಂಡ ಕಮಿಲಸರಿಗೆ 1582ರ ಆಗಸ್ಟ್ ತಿಂಗಳಲ್ಲಿ, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ಹೊತ್ತಿಗೆ, ಒಂದು ಪ್ರೇರಣೆಯಾಯಿತು. ಕೂಲಿಗಾಗಿ ಅಲ್ಲದೆ ದೇವರ ಪ್ರೀತಿಗಾಗಿ ರೋಗಿಗಳನ್ನು ಸೇವಿಸುವವರ ಬಳಗವೊಂದನ್ನು ಕಟ್ಟಬೇಕೆಂಬುದೇ ಆ ಪ್ರೇರಣೆ. 1584ರಲ್ಲಿ ಗುರುದೀಕ್ಷೆ ಪಡೆದ ಅವರು ಅದೇ ವರ್ಷ ತಮ್ಮ ಸಂಗಡಿಗರಿಗಾಗಿ ನಿಯಮಗಳನ್ನು ಬರೆದರು. ತನ್ನ ಒಬ್ಬನೇ ಮಗ ಕಾಯಿಲೆ ಬಿದ್ದಾಗ ತಾಯಿ ತೋರುವ ಅಕ್ಕರೆಯಿಂದ ರೋಗಿಯನ್ನು ನೋಡಿಕೊಳ್ಳುವ ವರವನ್ನು ಪ್ರತಿಯೊಬ್ಬರೂ ದೇವರಲ್ಲಿ ಬೇಡಿಕೊಳ್ಳಬೇಕೆಂಬುದು ಅದರ ತಿರುಳು. ಗಂಡಸರ ಬಳಗಕ್ಕೆ ತಾಯಿಯನ್ನೇ ಮಾದರಿಯಾಗಿ ಇಟ್ಟದ್ದು ಗಮನಾರ್ಹ. ಹಾಸಿಗೆ ಹಾಸುವುದು, ಮೈ ಒರೆಸುವುದು, ತುತ್ತು ತಿನ್ನಿಸುವುದು ಯಾವುದೂ ಅವರಿಗೆ ಕೀಳು ಕೆಲಸವಾಗಿರಲಿಲ್ಲ. ಕೈಗಳಲ್ಲಿ ಹೃದಯವಿರಲಿ ಎಂದು ಅವರು ಸಂಗಡಿಗರಿಗೆ ಹೇಳುತ್ತಿದ್ದರೆಂಬ ನೆನಪು ಅವರ ಸಭೆಯಲ್ಲಿ ಇಂದಿಗೂ ಉಳಿದಿದೆ. ರೋಗಿಗಳನ್ನು ಅವರು ಕರೆಯುತ್ತಿದ್ದುದು ತಮ್ಮ ಒಡೆಯರು ಎಂದು.

1586ರಲ್ಲಿ ಜಗದ್ಗುರು ಐದನೆಯ ಸಿಕ್ಸ್ಟಸ್ ಈ ಬಳಗಕ್ಕೆ ಮನ್ನಣೆಯಿತ್ತು, ಉಡುಪಿನ ಮೇಲೆ ಕೆಂಪು ಶಿಲುಬೆಯನ್ನು ಧರಿಸಲು ಅನುಮತಿ ನೀಡಿದರು. 1591ರಲ್ಲಿ ಅದು ಪೂರ್ಣ ಪ್ರಮಾಣದ ಸನ್ಯಾಸ ಸಭೆಯಾಯಿತು. ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಜೊತೆಗೆ ನಾಲ್ಕನೆಯದೊಂದು ವ್ರತವನ್ನು ಅವರು ಕೈಗೊಂಡರು. ಪ್ರಾಣಕ್ಕೆ ಅಪಾಯವಿದ್ದರೂ, ಪ್ಲೇಗ್ ತಗುಲಿದವರನ್ನೂ ಸೇರಿಸಿ, ರೋಗಿಗಳ ಸೇವೆ ಮಾಡುವೆವೆಂಬ ವ್ರತ ಅದು. ಅದನ್ನು ಪಾಲಿಸುತ್ತಲೇ ಹಲವರು ಪ್ರಾಣ ತೆತ್ತರು.

1598ರ ಪ್ರವಾಹ

ರೋಮಿನ ಪವಿತ್ರಾತ್ಮ ಆಸ್ಪತ್ರೆ ಟೈಬರ್ ನದಿಯ ದಡದಲ್ಲೇ ಇದೆ. 1598ರ ಡಿಸೆಂಬರಿನಲ್ಲಿ, ಕ್ರಿಸ್ತಜಯಂತಿ ಇನ್ನೇನು ಬಂತೆನ್ನುವಾಗ, ನದಿ ಉಕ್ಕಿ ಹರಿಯಿತು. ರೋಮ್ ಕಂಡ ಅತಿ ಭೀಕರ ಪ್ರವಾಹಗಳಲ್ಲಿ ಅದೂ ಒಂದು. ನೀರು ಆಸ್ಪತ್ರೆಯ ಕೆಳಗಿನ ವಾರ್ಡುಗಳಿಗೆ ನುಗ್ಗುತ್ತಿತ್ತು. ನಡೆಯಬಲ್ಲವರು ಮೇಲಕ್ಕೆ ಓಡಬಹುದು. ಹಾಸಿಗೆಯಲ್ಲೇ ಇದ್ದವರು ಏನು ಮಾಡಬೇಕು? ಕಮಿಲಸರೂ ಅವರ ಸಂಗಡಿಗರೂ ನೀರಿನಲ್ಲಿ ನಿಂತು, ಒಬ್ಬೊಬ್ಬರನ್ನಾಗಿ ಎತ್ತಿ, ಮೇಲಿನ ಅಂತಸ್ತಿಗೆ ಹೊತ್ತೊಯ್ದರು. ಆಗ ಅವರಿಗೆ 48 ವರ್ಷ. ಕಾಲಿನ ಹುಣ್ಣು ಇನ್ನೂ ಹಸಿಯಾಗಿಯೇ ಇತ್ತು. 1746ರಲ್ಲಿ ಅವರಿಗೆ ಸಂತ ಪದವಿ ದೊರೆತಾಗ ಫ್ರೆಂಚ್ ಕಲಾವಿದ ಪಿಯೆರ್ ಸುಬ್ಲೇರಾ ಚಿತ್ರಿಸಲು ಆರಿಸಿಕೊಂಡದ್ದು ಇದೇ ಪ್ರಸಂಗವನ್ನು.

ಕೊನೆಗಾಲದಲ್ಲಿ ಕಮಿಲಸರೇ ನಡೆಯಲಾರದಾದರು. ಆಗಲೂ ಹಾಸಿಗೆಯಿಂದ ಹಾಸಿಗೆಗೆ ತೆವಳುತ್ತಾ ಹೋಗಿ, ಯಾರಿಗೆ ಏನು ಬೇಕೆಂದು ವಿಚಾರಿಸುತ್ತಿದ್ದರೆಂದು ಅವರ ಚರಿತ್ರೆ ಹೇಳುತ್ತದೆ. 1614ರ ಜುಲೈ 14ರಂದು ರೋಮಿನಲ್ಲಿ ಅವರು ನಿಧನರಾದರು. 1886ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರನ್ನು ದೇವರ ಸಂತ ಯೊವಾನ್ನರೊಂದಿಗೆ ರೋಗಿಗಳ ಹಾಗೂ ಆಸ್ಪತ್ರೆಗಳ ಪಾಲಕರೆಂದೂ, 1930ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸ್ ದಾದಿಯರ ಪಾಲಕರೆಂದೂ ಘೋಷಿಸಿದರು.

ತನ್ನ ಹಾಸಿಗೆ ಬಿಟ್ಟುಕೊಟ್ಟವಳು

ಆಸ್ಪತ್ರೆಯ ಮಾತಾಯಿತು. ಮನೆಯಲ್ಲಿ ಇಂಥ ಸೇವೆ ಮಾಡಿದವರ ಮಾತೇನು? ಅದಕ್ಕೆ ಫ್ರಾನ್ಸಿನ ಸಂತ ಜಾನ್ ಜುಗಾನ್ ಸಾಕ್ಷಿ. ಬ್ರಿಟನಿ ಪ್ರಾಂತದ ಮೀನುಗಾರ ಕುಟುಂಬದಲ್ಲಿ 1792ರಲ್ಲಿ ಹುಟ್ಟಿದ ಇವರು ಮನೆಗೆಲಸ ಮಾಡಿ ಬದುಕಿದವರು. 1839ರ ಚಳಿಗಾಲದಲ್ಲಿ ಆನ್ ಶೋವಾನ್ ಎಂಬ ಕುರುಡಿ ಮುದುಕಿ, ಪಾರ್ಶ್ವವಾಯುವಿನಿಂದ ನರಳುತ್ತಾ ದಿಕ್ಕಿಲ್ಲದೆ ಬಿದ್ದಿದ್ದುದನ್ನು ಕಂಡರು. ಆಕೆಯನ್ನು ಹೊತ್ತು ತಂದು, ಮೆಟ್ಟಿಲು ಹತ್ತಿಸಿ, ತಮ್ಮ ಸ್ವಂತ ಹಾಸಿಗೆಯ ಮೇಲೆ ಮಲಗಿಸಿದರು. ತಾವು ಅಟ್ಟದಲ್ಲಿ ಮಲಗಿದರು. ಆಗ ಜಾನ್ ಜುಗಾನರಿಗೆ 47 ವರ್ಷ. ಕೈಯಲ್ಲಿ ಯಾವ ಯೋಜನೆಯೂ ಇರಲಿಲ್ಲ, ಹಣವೂ ಇರಲಿಲ್ಲ. ಆ ಒಂದು ಹಾಸಿಗೆಯಿಂದಲೇ ‘ಬಡವರ ಚಿಕ್ಕ ಸಹೋದರಿಯರು’ ಎಂಬ ಸಭೆ ಹುಟ್ಟಿತು. 1843ರಲ್ಲಿ ಅವರನ್ನು ಮುಖ್ಯಸ್ಥೆಯ ಸ್ಥಾನದಿಂದ ಸರಿಸಲಾಯಿತು. 1879ರಲ್ಲಿ ತೀರಿಕೊಂಡಾಗ, ಸಭೆಯನ್ನು ಸ್ಥಾಪಿಸಿದವರು ಇವರೇ ಎಂಬುದು ಅಲ್ಲಿನ ಎಳೆಯ ಸಹೋದರಿಯರಿಗೂ ತಿಳಿದಿರಲಿಲ್ಲ. ಜಗದ್ಗುರು ಹದಿನಾರನೆಯ ಬೆನೆಡಿಕ್ಟ್ 2009ರಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಎರಡು ಗಂಟೆಗೊಮ್ಮೆ

ಪ್ರೀತಿಯೊಂದಿಗೆ ತಿಳಿವಳಿಕೆಯೂ ಬೇಕು. ಕದಲದೆ ಮಲಗಿದವರ ಎಲುಬಿಗೂ ಹಾಸಿಗೆಗೂ ನಡುವೆ ಚರ್ಮ, ಮಾಂಸ ಒತ್ತಿಹೋಗಿ, ಅಲ್ಲಿಗೆ ರಕ್ತ ಹರಿಯುವುದು ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಮಾಂಸ ಸಾಯತೊಡಗುತ್ತದೆ. ಇದೇ ಹಾಸಿಗೆ ಹುಣ್ಣು. ರೋಗಿಗೆ ಹಾಸಿಗೆ ಹುಣ್ಣಾದರೆ ಅದು ಸಾಮಾನ್ಯವಾಗಿ ರೋಗದ ತಪ್ಪಲ್ಲ, ಆರೈಕೆಯ ತಪ್ಪು ಎಂದು ಫ್ಲಾರೆನ್ಸ್ ನೈಟಿಂಗೇಲ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬರೆದರು.

ಈ ಮಾತನ್ನು ಕಾರ್ಯರೂಪಕ್ಕೆ ತಂದವರು ಡಾಕ್ಟರ್ ಲುಡ್ವಿಗ್ ಗುಟ್‌ಮನ್. ನಾಜಿಗಳ ಹಿಂಸೆಯಿಂದ ತಪ್ಪಿಸಿಕೊಂಡು 1939ರಲ್ಲಿ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಬಂದ ಯಹೂದಿ ವೈದ್ಯರು ಇವರು. 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ, ಯುದ್ಧದಲ್ಲಿ ಬೆನ್ನುಹುರಿ ಮುರಿದುಕೊಂಡವರ ವಿಭಾಗದ ಹೊಣೆ ಅವರದಾಯಿತು. ಅಂಥವರು ಹೇಗೂ ಉಳಿಯುವುದಿಲ್ಲವೆಂದು ವೈದ್ಯಲೋಕ ಕೈಚೆಲ್ಲಿದ್ದ ಕಾಲ ಅದು. ಹಿಂದಿನ ಮಹಾಯುದ್ಧದಲ್ಲಿ ಅವರಲ್ಲಿ ಬಹುತೇಕರು ಹಾಸಿಗೆ ಹುಣ್ಣಿನ ನಂಜಿನಿಂದಲೋ ಮೂತ್ರದ ಸೋಂಕಿನಿಂದಲೋ ಸತ್ತಿದ್ದರು. ಗುಟ್‌ಮನ್ನರು ಮೊದಲು ತಂದದ್ದು ಹೊಸ ಔಷಧವನ್ನಲ್ಲ. ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಪ್ರತಿಯೊಬ್ಬರ ಮಗ್ಗುಲು ಬದಲಾಯಿಸಬೇಕೆಂದು ಕಟ್ಟುನಿಟ್ಟು ಮಾಡಿದರು. ಸಾಯುವರೆಂದು ಬಿಟ್ಟಿದ್ದವರು ಬದುಕಿದರು, ಎದ್ದು ಕುಳಿತರು. 1948ರಲ್ಲಿ ಅವರಲ್ಲಿ 16 ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. 1960ರಲ್ಲಿ ರೋಮಿನಲ್ಲಿ ನಡೆದ ಕ್ರೀಡಾಕೂಟಕ್ಕೆ 23 ದೇಶಗಳಿಂದ ಸುಮಾರು 400 ಕ್ರೀಡಾಪಟುಗಳು ಬಂದರು. ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಹೀಗೆ. ಆಗ ಜಗದ್ಗುರು ಇಪ್ಪತ್ತಮೂರನೆಯ ಜಾನ್ ಅವರನ್ನೆಲ್ಲ ಬರಮಾಡಿಕೊಂಡು ಗುಟ್‌ಮನ್ನರ ಕಾರ್ಯವನ್ನು ಕೊಂಡಾಡಿದರು. ಕಮಿಲಸರು ರೋಗಿಗಳನ್ನು ಹೊತ್ತ ಅದೇ ನಗರದಲ್ಲಿ ಇದು ನಡೆಯಿತು.

ನಮ್ಮ ನಾಡಿನಲ್ಲಿ

ಈ ಪರಂಪರೆ ನಮ್ಮ ನಾಡನ್ನೂ ತಲುಪಿತು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಜರ್ಮನ್ ಗುರು ಆಗಸ್ಟಸ್ ಮುಲ್ಲರ್ ಔಷಧ ಕೊಡುವುದರಿಂದ ಆರಂಭಿಸಿ, 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಬೆರಳು ಕಳೆದುಕೊಂಡವರು, ಕಾಲೂರಿ ನಿಲ್ಲಲಾರದವರು ಅಲ್ಲಿಗೆ ಬಂದರು. 1886ರಲ್ಲಿ ಗುಡ್ ಶೆಫರ್ಡ್ ಸಭೆಯ ಸಹೋದರಿಯರು ಬೆಂಗಳೂರಿನಲ್ಲಿ ಸಂತ ಮಾರ್ತಮ್ಮನವರ ಆಸ್ಪತ್ರೆಯನ್ನು ತೆರೆದರು. ಜಾನ್ ಜುಗಾನರ ಸಹೋದರಿಯರು ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಬೆಂಗಳೂರಿಗೆ ಬಂದು ವೃದ್ಧರಿಗೆ ಮನೆ ಕಟ್ಟಿದರು. ಕಮಿಲಸರ ಸಭೆಯವರೂ ಬೆಂಗಳೂರಿಗೆ ಬಂದು, ಎಚ್‌ಐವಿ ಸೋಂಕಿತರಿಗೆ ಎಲ್ಲರೂ ಬಾಗಿಲು ಮುಚ್ಚುತ್ತಿದ್ದ ದಿನಗಳಲ್ಲಿ ‘ಸ್ನೇಹದಾನ’ದ ಬಾಗಿಲು ತೆರೆದರು.

ಒಳಗಿನ ಕೋಣೆಯಲ್ಲಿ

ಪ್ರಿಯ ಓದುಗರೇ, ಈ ಚರಿತ್ರೆಯನ್ನು ಓದಿ ಮೆಚ್ಚಿಕೊಂಡು ಬದಿಗಿಟ್ಟರೆ ಸಾಲದು. ಲಕ್ವ ಹೊಡೆದ ತಂದೆ, ಸೊಂಟ ಮುರಿದ ಅಜ್ಜಿ ನಮ್ಮ ಮನೆಗಳಲ್ಲಿಯೇ ಇದ್ದಾರೆ. ಅವರಿಗೆ ಬೇಕಾದುದು ಅರಿತು ಮಾಡುವ ಸಣ್ಣ ಕೆಲಸಗಳು. ಎರಡು ಗಂಟೆಗೊಮ್ಮೆ, ಅಥವಾ ದಾದಿ ಹೇಳಿದಷ್ಟು ಹೊತ್ತಿಗೆ, ಮಗ್ಗುಲು ಬದಲಾಯಿಸಬೇಕು. ಹಾಗೆ ಮಾಡುವಾಗ ಎಳೆಯಬಾರದು, ಎತ್ತಬೇಕು. ಎಳೆದರೆ ಚರ್ಮ ಹರಿಯುತ್ತದೆ. ಸೊಂಟದ ಹಿಂಭಾಗ, ಹಿಮ್ಮಡಿ, ತೊಡೆಯ ಸಂದು, ಭುಜದ ಮೂಳೆ, ತಲೆಯ ಹಿಂಭಾಗ ಇವನ್ನು ದಿನವೂ ನೋಡಬೇಕು. ಬೆರಳಿನಿಂದ ಒತ್ತಿದರೂ ಮಾಸದ ಕೆಂಪು ಕಂಡರೆ, ಅಥವಾ ಕಪ್ಪು ಮೈಬಣ್ಣದವರಲ್ಲಿ ಆ ಜಾಗ ಬಿಸಿಯಾಗಿಯೋ ಗಟ್ಟಿಯಾಗಿಯೋ ತೋರಿದರೆ, ಹುಣ್ಣು ಆರಂಭವಾಗಿದೆಯೆಂದು ತಿಳಿಯಬೇಕು. ಆ ಜಾಗವನ್ನು ತಿಕ್ಕಬಾರದು, ಅದರ ಮೇಲೆ ಭಾರ ಬೀಳದಂತೆ ಮಲಗಿಸಿ ವೈದ್ಯರಿಗೆ ತಿಳಿಸಬೇಕು. ಮೀನಖಂಡದ ಕೆಳಗೆ ದಿಂಬಿಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗದು. ಒದ್ದೆಯಾದ ಬಟ್ಟೆಯನ್ನು ತಡಮಾಡದೆ ಬದಲಿಸಬೇಕು. ಗಂಜಿಯನ್ನೋ ನೀರನ್ನೋ ಮಲಗಿದ್ದಂತೆಯೇ ಕುಡಿಸಬಾರದು, ಶ್ವಾಸನಾಳಕ್ಕೆ ಇಳಿದೀತು. ಒರಗಿಸಿ ಕೂರಿಸಿ, ನಿಧಾನವಾಗಿ ಕೊಟ್ಟು, ಬಳಿಕ ಸ್ವಲ್ಪ ಹೊತ್ತು ಹಾಗೆಯೇ ಇರಲು ಬಿಡಬೇಕು.

ಇದಕ್ಕಿಂತಲೂ ಕಷ್ಟದ ಒಂದು ಮಾತಿದೆ. ಮಾತು ನಿಂತವರಿಗೆ ಕಿವಿಯೂ ನಿಂತಿತೆಂದು ನಾವು ಭಾವಿಸುತ್ತೇವೆ. ಹಾಸಿಗೆಯ ಪಕ್ಕದಲ್ಲೇ ನಿಂತು ಖರ್ಚಿನ ಲೆಕ್ಕ, ಆಸ್ತಿಯ ಪಾಲು, ಇನ್ನೆಷ್ಟು ದಿನವೋ ಎಂಬ ನಿಟ್ಟುಸಿರು ಎಲ್ಲವನ್ನೂ ಆಡುತ್ತೇವೆ. ಕಮಿಲಸರು ರೋಗಿಗಳನ್ನು ಒಡೆಯರೆಂದು ಕರೆದದ್ದು ಬರೀ ಭಕ್ತಿಯ ಮಾತಲ್ಲ. ಒಡೆಯನ ಮೈಮುಟ್ಟುವ ಮೊದಲು ಅಪ್ಪಣೆ ಕೇಳುತ್ತೇವೆ, ಅವನ ಮುಂದೆ ಅವನ ಸಾವನ್ನು ಎಣಿಸುವುದಿಲ್ಲ. “ಅಪ್ಪಾ, ಈಗ ಎಡಕ್ಕೆ ಹೊರಳಿಸುತ್ತೇನೆ” ಎಂದು ಹೇಳಿ ಹೊರಳಿಸಲು ಎಷ್ಟು ಹೊತ್ತು ಬೇಕು?

ಇನ್ನು ಆ ಕೋಣೆಯಲ್ಲಿರುವ ಎರಡನೆಯ ವ್ಯಕ್ತಿ. ಬಹಳಷ್ಟು ಮನೆಗಳಲ್ಲಿ ಈ ಹೊರೆಯೆಲ್ಲ ಒಬ್ಬಳೇ ಹೆಂಗಸಿನ ಮೇಲೆ ಬಿದ್ದಿರುತ್ತದೆ. ಹೆಂಡತಿಯೋ, ಸೊಸೆಯೋ, ಮದುವೆಯಾಗದೆ ಉಳಿದ ಮಗಳೋ, ಊರು ಬಿಟ್ಟು ಬಂದ ಹೋಮ್ ನರ್ಸ್ ಹುಡುಗಿಯೋ. ಆಕೆ ಭಾನುವಾರದ ಬಲಿಪೂಜೆಗೆ ಬಾರದೆ ತಿಂಗಳುಗಳಾಗಿರುತ್ತವೆ. ರಾತ್ರಿ ನಿದ್ದೆಯಿಲ್ಲ, ಸೊಂಟನೋವು, ಆಗಾಗ ಸಿಡುಕು, ಸಿಡುಕಿದ್ದಕ್ಕೆ ಮತ್ತೆ ಪಶ್ಚಾತ್ತಾಪ. ಗುರುಗಳು ಪರಮಪ್ರಸಾದ ತಂದಾಗ ಎಲ್ಲರೂ ರೋಗಿಯ ಯೋಗಕ್ಷೇಮ ವಿಚಾರಿಸುತ್ತಾರೆ. ಆಕೆಯನ್ನು ಕೇಳುವವರಿಲ್ಲ. ವಿದೇಶದಲ್ಲಿರುವ ಮಕ್ಕಳು ಹಣ ಕಳುಹಿಸುತ್ತಾರೆ, ಅದೂ ಬೇಕು. ಆದರೆ ನಡುರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಾಯಿಸಲು ಹಣಕ್ಕೆ ಕೈಗಳಿಲ್ಲ.

ಜಗದ್ಗುರು ಎರಡನೆಯ ಜಾನ್ ಪಾಲ್ 1992ರಲ್ಲಿ ವಿಶ್ವ ರೋಗಿಗಳ ದಿನವನ್ನು ಘೋಷಿಸಿ, ಲೂರ್ದು ಮಾತೆಯ ಹಬ್ಬವಾದ ಫೆಬ್ರವರಿ 11ನ್ನು ಅದಕ್ಕೆ ಗೊತ್ತುಮಾಡಿದರು. ಮುಂದೆ ಅವರೇ ನಡೆಯಲಾರದಾದಾಗ ಅದನ್ನು ಮರೆಮಾಚದೆ, ಇತರರ ಕೈಗಳಿಗೆ ತಮ್ಮನ್ನು ಒಪ್ಪಿಸಿಕೊಂಡು, ಲೋಕದ ಮುಂದೆ ಬಂದರು. ಎತ್ತುವುದಕ್ಕೆ ಹೇಗೆ ದೈನ್ಯ ಬೇಕೋ, ಎತ್ತಿಸಿಕೊಳ್ಳುವುದಕ್ಕೂ ಹಾಗೆಯೇ ಬೇಕೆಂದು ಅವರ ಕೊನೆಯ ವರ್ಷಗಳು ನಮಗೆ ಕಲಿಸಿದವು.

ಕಫೆರ್ನವುಮಿನ ಆ ಹಾಸಿಗೆಯನ್ನು ಒಬ್ಬನೇ ಹೊತ್ತಿರಲಿಲ್ಲ. ನಾಲ್ಕು ಮೂಲೆಗೆ ನಾಲ್ವರಿದ್ದರು. ನಮ್ಮ ಧರ್ಮಕೇಂದ್ರದ ಪ್ರತಿಯೊಂದು ವಾರ್ಡಿನಲ್ಲಿ, ಹಾಸಿಗೆ ಹಿಡಿದ ಒಬ್ಬೊಬ್ಬರಿಗೂ ನಾಲ್ಕು ಜನರನ್ನು ಹುಡುಕುವುದು ಅಸಾಧ್ಯವೇನಲ್ಲ. ಒಬ್ಬರು ಭಾನುವಾರ ಬೆಳಿಗ್ಗೆ ಎರಡು ಗಂಟೆ ಕುಳಿತರೆ ಆ ಮನೆಯ ಹೆಂಗಸು ಪೂಜೆಗೆ ಬಂದಾಳು. ಒಬ್ಬರು ಸ್ನಾನದ ದಿನ ಎತ್ತಲು ಕೈಜೋಡಿಸಲಿ. ಒಬ್ಬರು ಔಷಧಿ ತಂದುಕೊಡಲಿ. ಒಬ್ಬರು ವಾರಕ್ಕೊಂದು ರಾತ್ರಿ ಎಚ್ಚರವಿರಲಿ. ವಿನ್ಸೆಂಟ್ ದೆ ಪೌಲ್ ಸಭೆಯವರು, ಯುವಜನರು ಮನಸ್ಸು ಮಾಡಿದರೆ ಮುಂದಿನ ಭಾನುವಾರವೇ ಇದನ್ನು ಆರಂಭಿಸಬಹುದು.

ಸಂತ ಕಮಿಲಸರೇ, ಏಳಲಾರದ ನಮ್ಮ ಹಿರಿಯರಿಗಾಗಿಯೂ, ಅವರ ಪಕ್ಕದಲ್ಲಿ ಎಚ್ಚರವಿರುವವರಿಗಾಗಿಯೂ ಪ್ರಭುವಿನಲ್ಲಿ ಬೇಡಿಕೊಳ್ಳಿ. ನಮ್ಮ ಕೈಗಳಿಗೆ ಎತ್ತುವ ಬಲವನ್ನೂ, ಎತ್ತುವಾಗ ನೋಯಿಸದ ಮೆದುತನವನ್ನೂ ದೊರಕಿಸಿಕೊಡಿ. ಆಮೆನ್.